ಪರದೇಶದ ಸಾಕೆಟ್ಟು, ನಮ್ಮೂರ ಪ್ಲಗ್ಗು: ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದ ಪತ್ರದಾಗ ಭಾಳಷ್ಟು ಒಂದ ವಿಷಯದ ಮ್ಯಾಲೆ ಅದಾವ. ಪರದೇಶಕ್ಕ ಹೋಗೂವಾಗ ಕರೆಂಟಿನ ಸಾಮಾನು ಯಾವ್ದು ಒಯ್ಯಬೇಕು, ಯಾವ್ದು ಮನ್ಯಾಗ ಬಿಡಬೇಕು ಅಂತ. ಓದಾಕ ಹೊಂಟ ಹುಡುಗ್ರು, ಟೂರಿಗೆ ಹೊಂಟ ಹಿರ್ಯಾರು, ಉಮ್ರಾಕ್ಕ ಹೊಂಟವ್ರು, ಎಲ್ಲಾರೂ ಕೇಳ್ಯಾರ. ಅದಕ್ಕ ಪೂರ್ತಿ ಅಂಕಣಾನ ಇದಕ್ಕ ಇಟ್ಟೀವಿ.

ಪ್ರಶ್ನೆ: ಮಗಳು ಎಂ.ಎಸ್. ಮಾಡಾಕ ಅಮೆರಿಕಾದ ಟೆಕ್ಸಾಸ್‌ಗೆ ಹೊಂಟಾಳ್ರಿ. 750 ವ್ಯಾಟಿನ ಮಿಕ್ಸರ್, ಸಣ್ಣ ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗಿ ಎಲ್ಲಾ ಹೊಸಾವ ತಂದೀವಿ. ಅಂಗಡ್ಯಾಂವ ಒಂದು ಯುನಿವರ್ಸಲ್ ಅಡಾಪ್ಟರ್ ಕೊಟ್ಟು, ಇದೊಂದು ಇದ್ರ ಜಗತ್ತಿನ್ಯಾಗ ಎಲ್ಲೇ ಹೋದ್ರೂ ಎಲ್ಲಾ ನಡೀತೈತಿ ಅಕ್ಕಾರ ಅಂದ. ನಮ್ಮ ಅಳಿಯ ನೋಡಿದ್ರ ಅಲ್ಲಿ ಹಚ್ಚಿದ ಕೂಡ್ಲೆ ಮಿಕ್ಸರ್ ಸುಟ್ಟ ಹೋಗ್ತೈತಿ ಅಂತಾನ. ಯಾರ ಮಾತು ಖರೆ?
(ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಇಬ್ಬರದೂ ಬರೋಬ್ಬರಿ ಇಲ್ರಿ ಅಕ್ಕಾರ. ಅಡಾಪ್ಟರ್ ಅನ್ನೂದು ಪಿನ್ನಿನ ಆಕಾರ ಅಷ್ಟ ಬದಲಿ ಮಾಡ್ತೈತಿ, ಒಳಗ ಬರೂ ವೋಲ್ಟೇಜ್ ಬದಲಿ ಮಾಡೂದಿಲ್ಲ. ನಳದ ಬಾಯಿಗೆ ಬ್ಯಾರೆ ಪೈಪ್ ಸಿಗಿಸಿದ್ರ ನೀರಿನ ಜೋರು ಹೆಚ್ಚೂ ಆಗೂದಿಲ್ಲ ಕಡಿಮೀನೂ ಆಗೂದಿಲ್ಲಲ್ಲ, ಹಂಗ. ನಮ್ಮ ಮನ್ಯಾಗ ಬರೂದು 230 ವೋಲ್ಟ್, 50 ಹರ್ಟ್ಸ್. ಹರ್ಟ್ಸ್ ಅಂದ್ರ ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿ ಇಳೀತೈತಿ ಅನ್ನೂ ಲೆಕ್ಕ. ಅಮೆರಿಕಾದ ಗ್ವಾಡಿ ಸಾಕೆಟ್‌ನ್ಯಾಗ ಬರೂದು 120 ವೋಲ್ಟ್, 60 ಹರ್ಟ್ಸ್. ಅಂದ್ರ ನಮ್ಮ ಸಾಮಾನಿಗೆ ಅಲ್ಲಿ ಅರ್ಧ ಹೊಟ್ಟಿ ಊಟ. ಹಂಗಾಗಿ ಸುಡೂದಿಲ್ಲ, ಆದ್ರ ಕೆಲಸಾನೂ ಮಾಡೂದಿಲ್ಲ.

ಈಗ ಆ ರೈಸ್ ಕುಕ್ಕರ್ ತಗೊಂಡು ಬುಡಮೇಲು ಮಾಡಿ ನೋಡ್ರಿ. ಒಂದು ಬೆಳ್ಳಿ ಬಣ್ಣದ ಚೀಟಿ ಅಂಟಿಸಿರ್ತಾರ, ಅದರಾಗ ಸಣ್ಣ ಅಕ್ಷರದಾಗ 230V~ 50Hz 700W ಅಂತ ಬರ್ದಿರ್ತೈತಿ. ಒಂದ ನಂಬರು ಐತಿ ಅಂದ್ರ ಅದು ಆ ವೋಲ್ಟೇಜಿಗೆ ಅಷ್ಟ ಮಾಡಿದ ಸಾಮಾನು. ಈಗ ಮಗಳ ಫೋನ್ ಚಾರ್ಜರ್ ತಗೊಂಡು ಬೆಳಕಿನ ಕಡೆ ಹಿಡೀರಿ, ಅದರಾಗ INPUT 100-240V~ 50/60Hz ಅಂತ ಇರ್ತೈತಿ. ನಡುವ ಗೆರಿ ಐತಿ ನೋಡ್ರಿ, 100ರಿಂದ 240ರ ತನಕ, ಅದು ಇದ್ದ ಸಾಮಾನು ಯಾವ ದೇಶದಾಗೂ ನಡೀತೈತಿ, ಅದಕ್ಕ ಬರೇ ಅಡಾಪ್ಟರ್ ಸಾಕು. ಲ್ಯಾಪ್‌ಟಾಪ್ ಚಾರ್ಜರ್, ಕ್ಯಾಮೆರಾ ಚಾರ್ಜರ್, ಟ್ರಿಮ್ಮರ್ ಬಹುತೇಕ ಹಿಂಗ ಇರ್ತಾವ, ಯಾಕಂದ್ರ ಅವು ಬಂದ ಕರೆಂಟನ್ನ ಮೊದ್ಲ ಡಿಸಿ, ಅಂದ್ರ ಒಂದ ದಿಕ್ಕಿಗೆ ಹರಿಯೂ ಕರೆಂಟು, ಮಾಡ್ಕೊಂಡು, ಆಮ್ಯಾಲೆ ಅದನ್ನ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡಿ ತಮಗ ಎಷ್ಟು ಬೇಕೋ ಅಷ್ಟ ತಗೋತಾವ. ಬಿಸಿ ಮಾಡೂ ಕಾಯಿಲ್ ಇರೂ ಸಾಮಾನಿಗೆ, ಮೋಟಾರ್ ಇರೂ ಸಾಮಾನಿಗೆ ಅಂಥಾ ಬುದ್ಧಿ ಇಲ್ಲ.

ಕಾಯಿಲ್‌ನ ಲೆಕ್ಕ ಹಿಂಗೈತಿ. ವೋಲ್ಟೇಜ್ ಅರ್ಧ ಆದ್ರ ಶಾಖ ಅರ್ಧ ಆಗೂದಿಲ್ರಿ, ಕಾಲು ಭಾಗಕ್ಕ ಇಳೀತೈತಿ, ಯಾಕಂದ್ರ ವೋಲ್ಟೇಜ್ ಕಡಿಮಿ ಆದಂಗ ಹರಿಯೂ ಕರೆಂಟೂ ಅಷ್ಟ ಕಡಿಮಿ ಆಗ್ತೈತಿ, ಎರಡೂ ಕೂಡಿ ಗುಣಾಕಾರ. ನಿಮ್ಮ 700 ವ್ಯಾಟಿನ ಕುಕ್ಕರ್ 120 ವೋಲ್ಟಿನ್ಯಾಗ ಸುಮಾರು 190 ವ್ಯಾಟ್ ಅಷ್ಟ ಆಗ್ತೈತಿ, ನೀರು ಬೆಚ್ಚಗ ಆಗಿ ಕೂಡ್ತೈತಿ, ಅನ್ನ ಆಗೂದಿಲ್ಲ. 1000 ವ್ಯಾಟಿನ ಇಸ್ತ್ರಿ 270ರ ಆಸುಪಾಸು, ಅದರಾಗ ಕಾಟನ್ ಅರಿವಿ ಮಡಿಕಿ ಹೋಗೂದಿಲ್ಲ. ಮಿಕ್ಸರ್ ತಿರಗ್ತೈತಿ, ಖಾಲಿ ಜಾರ್ ಇಟ್ರ ತಿರಗ್ತೈತಿ, ಒಣಕೊಬ್ಬರಿ ಮೆಣಸಿನಕಾಯಿ ಹಾಕಿದ್ರಿ ಅಂದ್ರ ಅಲ್ಲೇ ನಿಂದರ್ತೈತಿ. ನಿಂತ ಮೋಟಾರಿಗೆ ಹಂಗ ಕರೆಂಟು ಬಿಟ್ಟ ಬಿಟ್ರ ಮಾತ್ರ ಒಳಗಿನ ತಂತಿ ಸುತ್ತು (ವೈಂಡಿಂಗ್) ಬಿಸಿ ಆಗ್ತೈತಿ, ಅಳಿಯ ಹೇಳಿದ್ದು ಅಷ್ಟರ ಮಟ್ಟಿಗೆ ಖರೆ.

ಇನ್ನ ಕೆಲವ್ರು ಟ್ರಾನ್ಸ್‌ಫಾರ್ಮರ್ ಒಯ್ಯಿರಿ ಅಂತಾರ. 120ನ್ನ 230 ಮಾಡೂ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಸಿಗ್ತಾವ, ಆದ್ರ 750 ವ್ಯಾಟಿನ ಮಿಕ್ಸರ್ ಚಾಲೂ ಆಗೂವಾಗ ಜಗ್ಗೂ ಕರೆಂಟು ಭಾಳ, ಅದಕ್ಕ 1500 ವ್ಯಾಟಿಂದಾದ್ರೂ ಬೇಕು, ಅದು ಪೂರಾ ಕಬ್ಬಿಣ ತಾಮ್ರದ ಗಡ್ಡಿ, 23 ಕಿಲೋದ ಸೂಟ್‌ಕೇಸ್‌ನ್ಯಾಗ ಅದನ್ನ ಹಾಕಿದ್ರ ಚಟ್ನಿ ಪುಡಿಗೆ ಜಾಗಾ ಉಳಿಯೂದಿಲ್ಲ. ನನ್ನ ಮಾತು ಕೇಳ್ರಿ, ಮೂರೂ ಸಾಮಾನು ಅಂಗಡಿಗೆ ವಾಪಸ್ ಕೊಡ್ರಿ. ರೈಸ್ ಕುಕ್ಕರ್, ಇಸ್ತ್ರಿ ಅಲ್ಲೇ ಯಾವ ಅಂಗಡ್ಯಾಗೂ ಸಿಗ್ತಾವ. ನಮ್ಮ ನಮೂನಿ ಮಿಕ್ಸರ್ ಬೇಕಂದ್ರೂ 110 ವೋಲ್ಟಿನ ಮಾಡೆಲ್ ಅಂತ (ಅಲ್ಲಿ 120ಕ್ಕ ಹೊಂದೂದು) ಬ್ಯಾರೇನ ಮಾಡ್ತಾರ, ಅಮೆರಿಕಾದ ಇಂಡಿಯನ್ ಸ್ಟೋರ್‌ನ್ಯಾಗ ಅವ ಇಟ್ಟಿರ್ತಾರ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಪುಡಿ ಇಲ್ಲೇ ಕುಟ್ಟಿ ಗಟ್ಟಿ ಪ್ಯಾಕ್ ಮಾಡಿ ಕೊಟ್ರ ಮೊದ್ಲಿನ ತಿಂಗಳು ಮಿಕ್ಸರಿನ ಗರಜ ಬೀಳೂದಿಲ್ಲ. ಪ್ರೆಶರ್ ಕುಕ್ಕರ್ ಮಾತ್ರ ಕೊಟ್ಟ ಕಳಿಸ್ರಿ, ಅದಕ್ಕ ಕರೆಂಟಿನ ಹಂಗಿಲ್ಲ. ಆದ್ರ ಬುಡ ಸಪಾಟ ಇರೂದು ನೋಡಿ ತಗೋರಿ, ಅಲ್ಲಿ ಅಪಾರ್ಟ್‌ಮೆಂಟ್‌ನ್ಯಾಗ ಗ್ಯಾಸ್ ಇಲ್ದ ಗಾಜಿನ ಮ್ಯಾಲಿನ ಎಲೆಕ್ಟ್ರಿಕ್ ಒಲಿ ಭಾಳ, ಬುಡ ಉಬ್ಬಿದ್ರ ಕಾಯೂದಿಲ್ಲ.

ಅಮೆರಿಕಾದಾಗ 240 ವೋಲ್ಟೂ ಐತಿ ಅಂತ ಯಾರರೆ ಹೇಳಬಹುದು. ಹೌದು, ಐತಿ. ಮನಿಗೆ ಬರೂ ಎರಡು ಲೈನಿನ ನಡುವ 240 ಸಿಗ್ತೈತಿ, ಅದನ್ನ ದೊಡ್ಡ ಒಲಿ, ಬಟ್ಟಿ ಒಣಗಿಸೂ ಮಷಿನ್ನಿಗೆ ಅಂತ ಬ್ಯಾರೆ ಸಾಕೆಟ್ಟಿಗೆ ಕೊಟ್ಟಿರ್ತಾರ. ಬಾಡಿಗಿ ಮನ್ಯಾಗ ಅದಕ್ಕ ಕೈ ಹಚ್ಚಬ್ಯಾಡ ಅಂತ ಮಗಳಿಗೆ ಕಡ್ಡಿ ಮುರದಂಗ ಹೇಳ್ರಿ.

ಪ್ರಶ್ನೆ: ನಾವು ಗಂಡ ಹೆಂಡ್ತಿ ಇಬ್ರೂ ನಿವೃತ್ತ ಶಿಕ್ಷಕರು. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಗ್ರೂಪ್ ಟೂರ್ ಹೊಂಟೀವಿ. ನನಗ ರಾತ್ರಿ ಮಲಗೂವಾಗ ಸಿಪ್ಯಾಪ್ ಮಷಿನ್ (ನಿದ್ದ್ಯಾಗ ಉಸಿರಾಟಕ್ಕ ಗಾಳಿ ಒತ್ತೂದು) ಬೇಕ ಬೇಕು. ಮೂರು ದೇಶಕ್ಕ ಮೂರು ಅಡಾಪ್ಟರ್ ತಗೋಬೇಕೇನು? ಚಾ ಕಾಸಾಕ ಸಣ್ಣ ಕೆಟಲ್ ಒಯ್ಯಬಹುದಾ?
(ಸಪ್ತಾಪುರ, ಧಾರವಾಡ)

ಉತ್ತರ: ಸರ, ಮೂರೂ ದೇಶದಾಗ 230 ವೋಲ್ಟ್, 50 ಹರ್ಟ್ಸ್, ನಮ್ಮ ಧಾರವಾಡದಾಗ ಬರೂದ ಅದು. ಹಂಗಾಗಿ ವೋಲ್ಟೇಜಿನ ಚಿಂತಿ ಬಿಡ್ರಿ, ಬರೇ ಪಿನ್ನಿನ ಪ್ರಶ್ನೆ. ಮೂರೂ ಕಡೆ ಅರ್ಥಿಂಗ್ ಪಿನ್ ಬ್ಯಾರೆ ಬ್ಯಾರೆ ಜಾಗಾಕ್ಕ ಇರ್ತೈತಿ, ಅದಕ್ಕ ಒಂದು ದೇಶದ ಮೂರು ಪಿನ್ನು ಇನ್ನೊಂದು ದೇಶದಾಗ ಕೂಡೂದಿಲ್ಲ. ಆದ್ರ ಸಿ ಟೈಪ್ ಅಂತ (ಫೋನಿನ ಟೈಪ್ ಸಿ ಕೇಬಲ್ ಅಲ್ಲ) ಸಪಾಟ ಮೈಯಿನ, 4 ಮಿಲಿಮೀಟರ್ ದಪ್ಪದ ಎರಡು ಗುಂಡನ್ನ ಪಿನ್ನಿನ ಪ್ಲಗ್ ಐತಲ್ಲ, ಅದನ್ನ ಈ ಮೂರೂ ಸಾಕೆಟ್ಟಿಗೆ ಕೂಡೂ ಹಂಗ ಮಾಡ್ಯಾರ. ನಮ್ಮಲ್ಲಿ ಮಾರೂ ಎಷ್ಟೋ ಫೋನ್ ಚಾರ್ಜರಿಗೂ ಹಂಥಾ ತೆಳ್ಳನ್ನ ಪಿನ್ ಇರ್ತಾವ, ಅವು ನೇರ ಹೋಗಬಹುದು, ಆದ್ರ ಅಲ್ಲಿ ಎಷ್ಟೋ ಸಾಕೆಟ್ ಒಳಗ ತಗ್ಗಿನ್ಯಾಗ ಇರ್ತಾವ, ಚಾರ್ಜರಿನ ಮೈ ಅಗಲ ಇದ್ರ ಗ್ವಾಡಿಗೆ ತಾಕಿ ಪಿನ್ ಪೂರ್ತಿ ಒಳಗ ಹೋಗೂದಿಲ್ಲ. ನಮ್ಮ ಹಳೆ ಐದು ಆಂಪಿಯರಿನ ದಪ್ಪ ಪಿನ್ ಇದ್ರ ಹೋಗೂದ ಇಲ್ಲ, ಒತ್ತಿ ತುರುಕಬ್ಯಾಡ್ರಿ, ಸಾಕೆಟ್ ಸೀಳ್ತೈತಿ.

ಸಿಪ್ಯಾಪ್ ಮಷಿನ್ನಿನ ಕರೆಂಟಿನ ಡಬ್ಬಿ ತಿರುವಿ ನೋಡ್ರಿ, ಈಗಿನ ಮಷಿನ್ ಬಹುತೇಕ 100-240 ಇರ್ತಾವ, ಕರೆಂಟೂ ಭಾಳ ತಿನ್ನೂದಿಲ್ಲ, 90 ವ್ಯಾಟ್ ಅಂತ ಇದ್ರ 230 ವೋಲ್ಟಿನ್ಯಾಗ ಅರ್ಧ ಆಂಪಿಯರ್ ಸೈತ ಆಗೂದಿಲ್ಲ. ಒಂದ ಅಡಾಪ್ಟರ್ ಮ್ಯಾಲೆ ಮಷಿನ್ ನಡಸಬ್ಯಾಡ್ರಿ, ಎರಡು ಇಟ್ಕೋರಿ. ಪರ ಊರಾಗ ರಾತ್ರಿ ಹತ್ತಕ್ಕ ಅಡಾಪ್ಟರ್ ಕೈ ಕೊಟ್ರ ಉಸಿರಿನ ಮಷಿನ್ ಬಂದ್, ಅದು ಆಗಬಾರದು. ಯುರೋಪಿನ ಹೋಟೆಲ್‌ನ್ಯಾಗ ಮಂಚದ ಬಾಜೂಕ ಸಾಕೆಟ್ ಇಲ್ಲದ್ದೂ ಐತಿ, ಅದಕ್ಕ ಎರಡು ಮೀಟರಿನ ಎಕ್ಸ್‌ಟೆನ್ಷನ್ ಬೋರ್ಡ್ ಒಂದು ಚೀಲದಾಗ ಇರ್ಲಿ. ಮಷಿನ್ ಲಗೇಜಿಗೆ ಹಾಕಬ್ಯಾಡ್ರಿ, ಕೈಚೀಲದಾಗ ಒಯ್ಯಿರಿ, ಡಾಕ್ಟರ್ ಚೀಟಿ ಜೋಡಿ ಇಡ್ರಿ.

ಕೆಟಲ್ ವಿಷಯಕ್ಕ ಬಂದ್ರ, ಆ ಸಿ ಟೈಪ್ ಪ್ಲಗ್ಗಿನ ತಾಕತ್ತು 2.5 ಆಂಪಿಯರ್ ಅಷ್ಟ. 1000 ವ್ಯಾಟಿನ ಕೆಟಲ್ 4 ಆಂಪಿಯರಿನ ಮ್ಯಾಲೆ ಜಗ್ಗತೈತಿ, ಅದನ್ನ ಅದರ ಮ್ಯಾಲೆ ಹಚ್ಚಿದ್ರ ಪ್ಲಾಸ್ಟಿಕ್ ಮೆತ್ತಗಾಗ್ತೈತಿ. ಅರ್ಥಿಂಗ್ ಸೈತ ಸಿಗೂದಿಲ್ಲ, ನೀರು ಕಾಸೂ ಸಾಮಾನಿಗೆ ಅರ್ಥಿಂಗ್ ಇಲ್ದ ನಡಸೂದು ನನಗ ಒಪ್ಪಿಗಿ ಇಲ್ಲ. ಚಾ ಹೋಟೆಲ್‌ನ್ಯಾಗ ಕುಡೀರಿ, ಸರ.

ಪ್ರಶ್ನೆ: ಅಮ್ಮೀನ ಕರಕೊಂಡು ಉಮ್ರಾಕ್ಕ ಹೊಂಟೀವಿ. ಅವ್ರಿಗೆ ದಮ್ಮಿನ ತ್ರಾಸ ಐತಿ, ಮನ್ಯಾಗ ಕರೆಂಟಿನ ನೆಬುಲೈಜರ್ ಇಟ್ಟೀವಿ. ಸೌದಿ ಕರೆಂಟು ನಮ್ಮಂಗ ಐತಿ ಅಂತಾರ, ಹಂಗ ಒಯ್ದ್ರ ನಡೀತೈತೇನ್ರಿ?
(ಸವಣೂರು, ಹಾವೇರಿ ಜಿಲ್ಲೆ)

ಉತ್ತರ: ವೋಲ್ಟೇಜ್ ನಮ್ಮಂಗ 230 ಐತಿ, ಹರ್ಟ್ಸ್ ಮಾತ್ರ ನಮ್ಮಂಗಿಲ್ಲ ಭಾಯಿ. ದುಬೈ, ಕತಾರ್, ಓಮನ್, ಕುವೈತ್ ಎಲ್ಲಾ 50, ಸೌದಿ 60. ಫೋನ್ ಚಾರ್ಜರಿಗೆ, ಇಸ್ತ್ರಿಗೆ ಇದರಿಂದ ಏನೂ ಫರಕ್ ಬೀಳೂದಿಲ್ಲ. ಆದ್ರ ನೆಬುಲೈಜರಿನ ಒಳಗ ಗಾಳಿ ಒತ್ತೂ ಪಂಪ್ ಐತಿ, ಅದರ ಓಟ ಹರ್ಟ್ಸಿನ ಮ್ಯಾಲೆ ನಿಂತಿರ್ತೈತಿ. 230V 50Hz ಅಂತ ಅಷ್ಟ ಬರದ ಮಷಿನ್ ಅಲ್ಲಿ ಬ್ಯಾರೆ ವೇಗದಾಗ ಓಡ್ತೈತಿ, ಬಿಸಿ ಆಗಬಹುದು. ಟೇಬಲ್ ಫ್ಯಾನ್ ಇದ್ರ ಓಡ್ಲಿ ಬಿಡು ಅನ್ನಬಹುದು, ಔಷಧದ ಮಷಿನ್ನಿನ ಮ್ಯಾಲೆ ಹಂಥಾ ಪ್ರಯೋಗ ಬ್ಯಾಡ. ಹಿಂದ ಚೀಟಿ ಮ್ಯಾಲೆ 50/60Hz ಅಂತ ಇದ್ರ ನಿಶ್ಚಿಂತಿಯಿಂದ ಒಯ್ಯಿರಿ, ಇಲ್ಲಂದ್ರ ಹೋಗೂ ಮೊದ್ಲ ಅಮ್ಮೀ ಡಾಕ್ಟರನ್ನ ಕಾಣ್ರಿ, ಬ್ಯಾಟರಿ ಮ್ಯಾಲೆ ನಡಿಯೂ ಸಣ್ಣ ಮೆಶ್ ನೆಬುಲೈಜರ್ ಸಿಗ್ತಾವ, ಅಥವಾ ಸ್ಪೇಸರ್ ಹಚ್ಚಿ ಇನ್ಹೇಲರ್ ಕೊಟ್ರ ಸಾಕಾಗ್ತೈತೋ ಅನ್ನೂದು ಅವರ ಹೇಳಬೇಕು.

ಪಿನ್ನು ಅಲ್ಲಿ ಜಿ ಟೈಪ್, ಮೂರು ಚಪ್ಪಟ ಪಿನ್ನಿಂದು, ದುಬೈದಾಗ ಇಳಿದು ಹೋದ್ರೂ ಅದ ನಡೀತೈತಿ. ಸೌದಿ ಮೊದ್ಲ 127 ವೋಲ್ಟಿನ ದೇಶ ಆಗಿತ್ತು, ಹಳೆ ಕಟ್ಟಡದಾಗ ಎರಡು ಚಪ್ಪಟ ಸೀಳಿನ ಅಮೆರಿಕಾ ನಮೂನಿ ಸಾಕೆಟ್ ಕಂಡ್ರ ರಿಸೆಪ್ಷನ್‌ನ್ಯಾಗ ಎಷ್ಟು ವೋಲ್ಟ್ ಅಂತ ಕೇಳಿನ ಹಚ್ಚರಿ.

ಪ್ರಶ್ನೆ: ಲಂಡನ್‌ಗೆ ಓದಾಕ ಹೊಂಟೀನಿ. ಹೋಗಿ ಬಂದ ದೋಸ್ತ ಅಂತಾನ, ಅಡಾಪ್ಟರ್ ಯಾಕ, ಮ್ಯಾಲಿನ ತೂತಿಗೆ ಪೆನ್ನು ಚುಚ್ಚಿದ್ರ ಕೆಳಗಿನ ಎರಡು ತೂತು ತೆರೀತಾವ, ನಮ್ಮ ಚಾರ್ಜರ್ ಹಂಗ ಹೋಗ್ತೈತಿ ಅಂತ. ಖರೇನ?
(ರಾಣೆಬೆನ್ನೂರು)

ಉತ್ತರ: ತೆರೀತಾವ ಖರೆ ತಮ್ಮಾ, ಆದ್ರ ದಯಮಾಡಿ ಹಂಗ ಮಾಡಬ್ಯಾಡ. ಆ ಸಾಕೆಟ್ಟಿನ ಒಳಗ ಕರೆಂಟಿನ ತೂತಿಗೆ ಪರದೆ ಐತಿ, ಸಣ್ಣ ಹುಡುಗ್ರು ಬಟ್ಟು ಹಾಕಬಾರದು ಅಂತ. ಅರ್ಥಿಂಗ್ ಪಿನ್ ಉಳಿದ ಎರಡಕ್ಕಿಂತ ಉದ್ದ ಇಟ್ಟಾರ, ಅದು ಮೊದ್ಲ ಹೋಗಿ ಪರದೆ ಸರಸ್ತೈತಿ, ಆಮ್ಯಾಲೆ ಉಳಿದ ಪಿನ್ ಒಳಗ. ಪೆನ್ನು ಚುಚ್ಚಿ ನೀನು ಆ ಕಾವಲನ್ನ ತೆಗದ ಬಿಡ್ತಿ. ಅಷ್ಟ ಅಲ್ಲ, ಕರೆಂಟಿನ ಆ ತೂತು ಚೌಕಿಂದು, ನಮ್ಮ ಗುಂಡನ್ನ ಪಿನ್ ಅದರಾಗ ಸಡಿಲ ಕೂಡ್ತೈತಿ, ಸಡಿಲ ಇದ್ದಲ್ಲಿ ಕಿಡಿ, ಕಿಡಿ ಇದ್ದಲ್ಲಿ ಬಿಸಿ.

ಇನ್ನೊಂದು ದೊಡ್ಡ ಕಾರಣ ಐತಿ. ಬ್ರಿಟನ್ನಿನ ಪ್ಲಗ್ಗಿನ ಒಳಗ ಫ್ಯೂಸ್ ಇರ್ತೈತಿ, 3 ಆಂಪಿಯರಿಂದು ಇಲ್ಲಾ 13 ಆಂಪಿಯರಿಂದು. ಎರಡನೇ ಮಹಾಯುದ್ಧ ಆದ ಮ್ಯಾಲೆ ತಾಮ್ರದ ಕೊರತಿ ಭಾಳ ಇತ್ತು, ಅದಕ್ಕ ಒಂದ ವೈರ್ ಮನಿ ತುಂಬ ಸುತ್ತು ಹಾಕಿ ಮತ್ತ ಫ್ಯೂಸ್ ಬಾಕ್ಸಿಗೆ ಬರೂ ಪದ್ಧತಿ ತಂದ್ರು. ಆ ಸುತ್ತಿನ್ಯಾಗ 30 ಆಂಪಿಯರ್ ತನಕ ಹರೀತೈತಿ, ಅಂದ್ರ ನಿನ್ನ ಚಾರ್ಜರಿನ ಸಣ್ಣ ವೈರ್ ಶಾರ್ಟ್ ಆದ್ರ ಬಾಕ್ಸಿನ ಫ್ಯೂಸ್ ಹೋಗೂದ್ರಾಗ ವೈರ್ ಸುಟ್ಟಿರ್ತೈತಿ. ಅದಕ್ಕ ಪ್ಲಗ್ಗಿನ್ಯಾಗ ಫ್ಯೂಸ್ ಇಟ್ರು, 1947ರಾಗ ಅದ ಬಿಎಸ್ 1363 ಅಂತ ಸ್ಟ್ಯಾಂಡರ್ಡ್ ಆತು. ನಮ್ಮ ಮನ್ಯಾಗಿನ ಮೂರು ಗುಂಡನ್ನ ಪಿನ್ ಐತಲ್ಲ, ಅದು ಅವರ ಅದಕ್ಕಿಂತ ಹಳೇ ಬಿಎಸ್ 546, 1934ರದ್ದು, ಅವ್ರು ಬಿಟ್ರು, ನಾವು ಇಟ್ಕೊಂಡ್ವಿ. ಅದಕ್ಕ ಫ್ಯೂಸ್ ಇರೂ ಜಿ ಟೈಪ್ ಅಡಾಪ್ಟರ್ ತಗೋ. ಲ್ಯಾಪ್‌ಟಾಪಿಗೆ ಅಡಾಪ್ಟರ್ ಸೈತ ಬ್ಯಾಡ, ಚಾರ್ಜರಿನ ಇಟ್ಟಂಗಿಯಿಂದ ಗ್ವಾಡಿಗೆ ಹೋಗೂ ಕೇಬಲ್ ಬಿಚ್ಚಾಕ ಬರ್ತೈತಿ, ಅಲ್ಲಿ ಹೋದ ಮ್ಯಾಲೆ ಅವರ ಪ್ಲಗ್ ಇರೂ ಕೇಬಲ್ ಅಷ್ಟ ಕೊಂಡ್ರ ಅರ್ಥಿಂಗೂ ಬರೋಬ್ಬರಿ ಸಿಗ್ತೈತಿ. ಅರ್ಥಿಂಗ್ ಇಲ್ದ ಹಚ್ಚಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದ್ರ ಜುಮ್ ಅಂತೈತಿ, ಭಾಳ ಮಂದಿ ಅದಕ್ಕ ಅಂಜ್ತಾರ. ಬಚ್ಚಲ ಮನ್ಯಾಗ ಸಾಕೆಟ್ ಹುಡುಕಬ್ಯಾಡ, ಶೇವರಿನ ಸಣ್ಣ ಸಾಕೆಟ್ ಬಿಟ್ರ ಬ್ಯಾರೆ ಇಡೂದಿಲ್ಲ.

ಪ್ರಶ್ನೆ: ಹೊಲಿಗಿ ಕೆಲಸ ಮಾಡ್ತೀನ್ರಿ. ನಮ್ಮ ಭಾವ ಅಮೆರಿಕಾದಿಂದ ಕಂಪ್ಯೂಟರಿನ ಕಸೂತಿ ಹೊಲಿಗಿ ಮಷಿನ್ ತಂದು ಕೊಟ್ಟಾರ. ಪಿನ್ ಕೂಡ್ಲಿಲ್ಲ ಅಂತ ಅಡಾಪ್ಟರ್ ತಂದು ಹಚ್ಚಿದ್ವಿ, ಠಪ್ ಅಂತ ಸಪ್ಪಳ ಆತು, ಸುಟ್ಟ ವಾಸನಿ ಬಂತು, ಈಗ ಲೈಟೂ ಹತ್ತೂದಿಲ್ಲ. ಹಿಂದ 120V 60Hz 0.6A ಅಂತ ಐತಿ. ಮಷಿನ್ ಹೋತೇನು?
(ಬೆಟಗೇರಿ, ಗದಗ)

ಉತ್ತರ: ತಂಗಿ, ಮೊದ್ಲ ಧೈರ್ಯ ತಗೋ, ಮಷಿನ್ ಪೂರ್ತಿ ಹೋಗಿರಾಕ ಇಲ್ಲ ಅಂತ ನನಗ ಆಶಾ ಐತಿ. ನಮ್ಮ ಸಾಮಾನು ಅಲ್ಲಿ ಒಯ್ದ್ರ ಸುಮ್ಮ ಕೂಡ್ತೈತಿ, ಅಲ್ಲಿ ಸಾಮಾನು ಇಲ್ಲಿ ಹಚ್ಚಿದ್ರ ಸುಡ್ತೈತಿ. 120 ಬೇಕಾದಲ್ಲಿ 230 ಕೊಟ್ರ ಕಾಯಿಲ್ ಇದ್ದಿದ್ರ ಮೂರೂವರಿ ಪಟ್ಟಿಗಿಂತ ಹೆಚ್ಚು ಶಾಖ ಆಗ್ತಿತ್ತು. ನಿನ್ನ ಮಷಿನ್ನಿನ್ಯಾಗ ಕರೆಂಟು ಒಳಗ ಬರೂ ಕಡೆ ಒಂದು ಪವರ್ ಬೋರ್ಡ್ ಇರ್ತೈತಿ, ಅದರಾಗ ಕರೆಂಟು ಕೂಡಿಸಿ ಇಡೂ ಡಬ್ಬಿ ಆಕಾರದ ಕೆಪಾಸಿಟರ್. ಗ್ವಾಡಿ ಕರೆಂಟು ಅಲೆಯಂಗ ಏರಿ ಇಳೀತೈತಿ, 120 ವೋಲ್ಟಿನ ಅಲೆಯ ತುದಿ ಮಟ್ಟ 170 ವೋಲ್ಟ್ ಆಗ್ತೈತಿ, ಅದಕ್ಕ ಅವ್ರು 200 ವೋಲ್ಟಿನ ಕೆಪಾಸಿಟರ್ ಹಾಕಿರ್ತಾರ, ನಮ್ಮ 230ರ ತುದಿ ಮಟ್ಟ 325, ಅದು ತಡಕೊಳ್ಳೂದಿಲ್ಲ, ಠಪ್ ಅಂತೈತಿ. ಅದರ ಬಾಜೂಕ ಗುಂಡನ್ನ ಚಪ್ಪಟ ಬಿಲ್ಲೆ ಇರ್ತೈತಿ, ವೇರಿಸ್ಟರ್ ಅಂತಾರ, ವೋಲ್ಟೇಜ್ ಮಿತಿ ದಾಟಿದ ಕೂಡ್ಲೆ ತಾನು ಶಾರ್ಟ್ ಆಗಿ ಫ್ಯೂಸ್ ಹಾರಿಸೂದ ಅದರ ಕೆಲಸ. ಬರೇ ಅದು ಒಡದು ಫ್ಯೂಸ್ ಹೋಗಿದ್ರ ಒಳಗಿನ ಕಂಪ್ಯೂಟರ್ ಬೋರ್ಡ್ ಉಳದಿರ್ತೈತಿ. ಅದಕ್ಕ ಬೋರ್ಡ್ ಬದಲಿ ಮಾಡ್ರಿ ಅಂತ ಯಾರರೆ ಹೇಳಿದ್ರ ಲಗೂನ ಒಪ್ಪಬ್ಯಾಡ, ಟಿವಿ ಪವರ್ ಸಪ್ಲೈ ರಿಪೇರಿ ಮಾಡೂ ಚೊಲೊ ಮೆಕ್ಯಾನಿಕ್‌ಗೆ ತೋರ್ಸು, ಮೊದ್ಲ ಫ್ಯೂಸ್, ವೇರಿಸ್ಟರ್, ಕೆಪಾಸಿಟರ್ ನೋಡಂತ ಹೇಳು. ಅಲ್ಲಿ ತನಕ ಮನ್ಯಾಗ ಯಾರೂ ಅದನ್ನ ಬಿಚ್ಚಬ್ಯಾಡ್ರಿ, ಕೆಪಾಸಿಟರಿನ್ಯಾಗ ಪ್ಲಗ್ ತೆಗದ ಮ್ಯಾಲೂ ಕರೆಂಟು ನಿಂತಿರ್ತೈತಿ.

ರಿಪೇರಿ ಆತು ಅಂದ್ರ ಮುಂದಿಂದು. ನಿನಗ ಬೇಕಾದ್ದು 230ನ್ನ 110 ಮಾಡೂ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್. ಮಷಿನ್ 120ಕ್ಕ 0.6 ಆಂಪಿಯರ್ ತಗೋತೈತಿ ಅಂದ್ರ 72 ವ್ಯಾಟಿನ ಲೆಕ್ಕ, 200 ವಿಎದ್ದು (ವಿಎ ಅಂದ್ರ ಟ್ರಾನ್ಸ್‌ಫಾರ್ಮರಿನ ತಾಕತ್ತಿನ ಅಳತಿ) ತಗೊಂಡ್ರ ಆರಾಮ ನಡೀತೈತಿ, ಬಿಸಿ ಆಗೂದಿಲ್ಲ. ಹುಬ್ಬಳ್ಳ್ಯಾಗ ವೈಂಡಿಂಗ್ ಮಾಡೂ ಅಂಗಡಿ ಅದಾವ, ಹೇಳಿ ಮಾಡಿಸ್ಕೋಬಹುದು, ಆದ್ರ ಎರಡು ಮಾತು ಮೊದ್ಲ ಹೇಳಿಬಿಡು, ಎರಡೂ ಕಡೆ ಬ್ಯಾರೆ ಬ್ಯಾರೆ ತಾಮ್ರದ ವೈಂಡಿಂಗ್ ಇರಬೇಕು, ಒಂದ ವೈಂಡಿಂಗಿನ ಆಟೋ ಟ್ರಾನ್ಸ್‌ಫಾರ್ಮರ್ ಬ್ಯಾಡ, ಮತ್ತ ಫ್ಯೂಸ್ ಹಾಕಿರಬೇಕು. ಆಟೋದಾಗ ಒಳಗಿನ ವೈರ್ ಹರದ್ರ 230 ನೇರ ಮಷಿನ್ನಿಗೆ ಹೊಕ್ಕತೈತಿ, ಮತ್ತ ಅದ ಠಪ್.

120 ಬಿಟ್ಟು 110 ಯಾಕ ಅಂದೆ ಅಂದ್ರ, ಗದಗಿನ್ಯಾಗ ಕರೆಂಟು ಒಮ್ಮೊಮ್ಮೆ 250ಕ್ಕ ಏರಿತಂದ್ರ 110ರ ಟ್ರಾನ್ಸ್‌ಫಾರ್ಮರಿನ್ಯಾಗ ಆ ಕಡೆ 120ರ ಹತ್ರ ಬರ್ತೈತಿ, ಮಷಿನ್ನಿಗೆ ಅದು ಸರಿ. ಮತ್ತ 60 ಹರ್ಟ್ಸಿಗೆ ಮಾಡಿದ ಕಬ್ಬಿಣದ ಕೋರ್ ಮಷಿನ್ನಿನ ಒಳಗ ಇದ್ರ ಅದು ನಮ್ಮ 50ರಾಗ ಜಾಸ್ತಿ ಬಿಸಿ ಆಗ್ತೈತಿ, ವೋಲ್ಟೇಜ್ ಸ್ವಲ್ಪ ಕಡಿಮಿ ಇದ್ರ ಅದಕ್ಕೂ ಚೊಲೊ. ಅಂಗಡ್ಯಾಗ ಹಗೂರಾಗಿರೂ, ಕೈಯಾಗ ಹಿಡಿಯೂವಷ್ಟ ಸಣ್ಣ ಟ್ರಾವೆಲ್ ಕನ್ವರ್ಟರ್ ತೋರಿಸಿ 1600 ವ್ಯಾಟಿಂದು ಅಂದ್ರ ಬಿಟ್ಟ ಬಾ, ಅದು ಕರೆಂಟಿನ ಅಲೆ ಕತ್ತರಿಸಿ ಕೊಡೂ ಸಾಮಾನು, ಕೂದಲ ಒಣಗಿಸೂ ಕಾಯಿಲ್‌ಗೆ ಆದೀತು, ಕಂಪ್ಯೂಟರ್ ಇರೂ ಮಷಿನ್ನಿಗೆ ಆಗೂದಿಲ್ಲ. ಮತ್ತ ಮಷಿನ್ನಿನ ಅಮೆರಿಕಾ ಪ್ಲಗ್ ಕತ್ತರಿಸಿ ನಮ್ಮ ಮೂರು ಪಿನ್ ಹಾಕಬ್ಯಾಡ. ಆ ಚಪ್ಪಟ ಪಿನ್ ಇರೂ ತನಕ ಯಾರೂ ಮರತು ಗ್ವಾಡಿ ಬೋರ್ಡಿಗೆ ಚುಚ್ಚಾಕ ಬರೂದಿಲ್ಲ. ಭಾವ ತಂದಿದ್ದು, ನಿನ್ನ ಅನ್ನದ ಸಾಮಾನು ಅದು, ಟ್ರಾನ್ಸ್‌ಫಾರ್ಮರಿನ ರೊಕ್ಕದಾಗ ಉಳಿತಾಯ ನೋಡಬ್ಯಾಡ.

ಪ್ರಶ್ನೆ: ಕಂಪನಿ ಟ್ರೇನಿಂಗಿಗೆ ಜಪಾನ್‌ಗೆ ಕಳಸಾಕತ್ತಾರ, ಮೊದ್ಲ ಟೋಕಿಯೋ, ಆಮ್ಯಾಲೆ ಒಸಾಕಾ. ಏನು ಒಯ್ಯಲಿ? ಪವರ್ ಬ್ಯಾಂಕ್ ಲಗೇಜಿನ್ಯಾಗ ಹಾಕಬಹುದಾ?
(ಗೋಕುಲ ರೋಡ್, ಹುಬ್ಬಳ್ಳಿ)

ಉತ್ತರ: ಜಪಾನಿನ್ಯಾಗ 100 ವೋಲ್ಟ್ ಅಷ್ಟ. ಪಿನ್ನು ಅಮೆರಿಕಾದಂಗ ಎರಡು ಚಪ್ಪಟ, ಮೂರನೇ ಅರ್ಥಿಂಗ್ ತೂತು ಇಲ್ಲದ ಸಾಕೆಟ್ಟ ಹೆಚ್ಚು, ಅದಕ್ಕ ಎರಡು ಪಿನ್ನಿನ ಅಡಾಪ್ಟರ್ ತಗೋರಿ. ಟೋಕಿಯೋದಾಗ 50 ಹರ್ಟ್ಸ್, ಒಸಾಕಾದಾಗ 60. 1895ರ ಸುಮಾರು ಟೋಕಿಯೋದವ್ರು ಜರ್ಮನಿಯ ಜನರೇಟರ್ ತಂದ್ರು, ಮರುವರ್ಷ ಒಸಾಕಾದವ್ರು ಅಮೆರಿಕಾದ್ದು ತಂದ್ರು, ಅವತ್ತಿಂದ ದೇಶ ಎರಡು ಭಾಗ ಆಗಿ ಕೂತೈತಿ. 2011ರ ಭೂಕಂಪದಾಗ ಟೋಕಿಯೋ ಕಡೆ ಕರೆಂಟಿಲ್ದ ಒದ್ದಾಡೂವಾಗ ಪಶ್ಚಿಮದ ಕಡೆಯಿಂದ ಬೇಕಾದಷ್ಟು ಕಳಸಾಕ ಆಗ್ಲಿಲ್ಲ, ಹರ್ಟ್ಸ್ ಬದಲಿ ಮಾಡೂ ಸ್ಟೇಷನ್ನಿನ ತಾಕತ್ತು ಕಡಿಮಿ ಇತ್ತು. ನಿಮ್ಮ 100-240ರ ಚಾರ್ಜರಿಗೆ ಇದ್ಯಾವ್ದೂ ಸಂಬಂಧ ಇಲ್ಲ, ಎರಡೂ ಊರಾಗ ನಡೀತೈತಿ.

ಪವರ್ ಬ್ಯಾಂಕ್ ಲಗೇಜಿನ್ಯಾಗ ಹಾಕಾಕ ಬರೂದಿಲ್ಲ, ಕೈಚೀಲದಾಗ ಅಷ್ಟ. 100 ವ್ಯಾಟ್ ಅವರ್ ತನಕ ಸಾಮಾನ್ಯವಾಗಿ ಬಿಡ್ತಾರ, 20000 ಎಂಎಎಚ್‌ಂದು 3.7 ವೋಲ್ಟಿನ ಲೆಕ್ಕಕ್ಕ 74 ವ್ಯಾಟ್ ಅವರ್ ಆಗ್ತೈತಿ. ಮ್ಯಾಲೆ ಬರದ ನಂಬರ್ ಅಳಿಸಿ ಹೋಗಿದ್ರ ಏರ್‌ಪೋರ್ಟಿನ್ಯಾಗ ತಗದ ಇಟ್ಕೋತಾರ, ಹಳೇದನ್ನ ಮನ್ಯಾಗ ಬಿಡ್ರಿ.